ಹದ್ದಕ್ಕನ ಗೆರೆ

ಹದ್ದಕ್ಕ ಎಂಬ ಹೆಸರು ಅವಳಿಗೆ ಪುಕ್ಕಟೆ ಬಂದದ್ದಲ್ಲ. ಸಂಚಾರ ನಿಯಂತ್ರಣ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷ ಗೋಡೆ ನೋಡಿಕೊಂಡು ಕೂತವಳು. ಗೋಡೆಯೆಂದರೆ ಸುಣ್ಣದ ಗೋಡೆಯಲ್ಲ; ಸಾಲುಸಾಲಾಗಿ ಜೋಡಿಸಿದ ಪರದೆಗಳ ಗೋಡೆ, ಒಂದೊಂದು ಪರದೆಯಲ್ಲಿ ಒಂದೊಂದು ರಸ್ತೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷವೇ, ಮೇಲ್ಸೇತುವೆ ಹತ್ತುತ್ತಿದ್ದ ಲಾರಿಯೊಂದರ ಹಿಂದಿನ ಚಕ್ರ ಅಲ್ಲಾಡುತ್ತಿದೆ ಎಂದು ಎಲ್ಲರಿಗಿಂತ ಮೊದಲು ಕಂಡು, ಚಕ್ರ ಕಳಚುವ ಮೊದಲೇ ಲಾರಿ ನಿಲ್ಲಿಸಿದ್ದಳು. ಅವತ್ತಿನಿಂದ ಅವಳು ಹದ್ದು. ತಲೆಗೂದಲು ನರೆತ ಮೇಲೆ ಹದ್ದಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ.

ಹಳೆಯ ಕೊಠಡಿ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಉಗ್ರಾಣವಾಗಿದ್ದ ಜಾಗಕ್ಕೆ ಬಣ್ಣ ಬಳಿದು, ಎ.ಸಿ. ಕೂರಿಸಿ, ಎಂಟು ಮೇಜು ತುರುಕಿದ್ದರು. ಕುರ್ಚಿ ಹಿಂದೆ ಸರಿಸಿದರೆ ಹಿಂದಿನವರ ಮೊಣಕಾಲಿಗೆ ಬಡಿಯುತ್ತಿತ್ತು. ಒಬ್ಬರ ಫೋನಿನ ವಯರು ಇನ್ನೊಬ್ಬರ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಮೊದಲ ಸಾಲಿನಿಂದ ಪರದೆಗಳಿಗೆ ಎಂಟೇ ಅಡಿ ದೂರ; ಮೇಲಿನ ಚಿತ್ರ ನೋಡಲು ತಲೆಯೆತ್ತಿ ತಲೆಯೆತ್ತಿ ಎಲ್ಲರಿಗೂ ಕುತ್ತಿಗೆ ನೋವು. ಪಕ್ಕದ ಮೇಜಿನಲ್ಲಿ ಒಬ್ಬನಿದ್ದ, ಗೊಣಗದೆ ಒಂದು ಲೋಟ ನೀರನ್ನೂ ಕುಡಿದವನಲ್ಲ; ಅವನಿಗೆ ಗೊಣಗಣ್ಣ ಎಂದೇ ಹೆಸರು. "ಇದು ಕಂಟ್ರೋಲ್ ರೂಮಲ್ಲ ಅಕ್ಕ, ಕೋಳಿಗೂಡು" ಎನ್ನುತ್ತಿದ್ದ. ಹದ್ದಕ್ಕನಿಗೆ ಆ ಗೂಡೇ ಹಿತವಾಗಿತ್ತು. ಯಾವ ಸಿಗ್ನಲ್ಲಿನಲ್ಲಿ ಯಾವ ಹೊತ್ತಿಗೆ ಶಾಲೆಯ ಬಸ್ಸು ಬರುತ್ತದೆ, ಯಾವ ತಿರುವಿನಲ್ಲಿ ಯಾವ ಮುದುಕರು ನಾಯಿ ಹಿಡಿದುಕೊಂಡು ರಸ್ತೆ ದಾಟುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಆ ಮುದುಕರು ಎರಡು ದಿನ ಕಾಣಿಸದಿದ್ದರೆ ಇವಳಿಗೆ ಊಟ ಸೇರುತ್ತಿರಲಿಲ್ಲ. ಅವರಿಗೆ ಇವಳು ಯಾರೆಂದೇ ಗೊತ್ತಿಲ್ಲ, ಅದು ಬೇರೆ ಮಾತು.

ಐವತ್ತು ದಾಟಿದ ಮೇಲೆ ಕಣ್ಣು ಕೈಕೊಡಲು ಶುರುವಾಯಿತು. ಮೊದಲು ವಾಹನಗಳ ದೀಪದ ಸುತ್ತ ಬೆಳಕು ಚೆಲ್ಲಿಕೊಂಡಂತೆ ಕಾಣತೊಡಗಿತು. ಆಮೇಲೆ ಅಕ್ಷರಗಳ ಅಂಚು ಕರಗಿದವು. ಬರಬರುತ್ತಾ ಲೋಕವೆಲ್ಲ ಉಗಿ ಹಿಡಿದ ಗಾಜಿನ ಹಿಂದೆ ಇದ್ದ ಹಾಗೆ. ಆದರೆ ಕೋಳಿಗೂಡಿನಲ್ಲಿ ಎಂಟಡಿ ದೂರದ ಗೋಡೆ ಹೇಗೋ ಕಾಣುತ್ತಿತ್ತು, ಕಾಣದ್ದನ್ನು ನೆನಪು ತುಂಬಿಕೊಡುತ್ತಿತ್ತು. ಯಾರಿಗೂ ಸುಳಿವು ಹತ್ತಲಿಲ್ಲ.

ಹತ್ತಿದ್ದು ತಂಗಿಗೆ ಮಾತ್ರ. ಅಕ್ಕತಂಗಿಯರಿಬ್ಬರೇ ಎರಡು ಕೋಣೆಯ ಮನೆಯಲ್ಲಿದ್ದರು, ಇಬ್ಬರೂ ಮದುವೆಯಾದವರಲ್ಲ. ತಂಗಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದಳು.

"ಅಕ್ಕ, ಒಂದ್ಸಲ ಕಣ್ಣು ತೋರಿಸ್ಕೊ."

"ನನ್ನ ಕಣ್ಣಿಗೇನಾಗಿದೆ?"

"ಬಿಳಿ ದಾರ ಕೊಡು ಅಂದ್ರೆ ಹಳದೀದು ಕೊಟ್ಟೆ."

"ನಿನ್ನ ದಾರದ ಡಬ್ಬಿ ಹಾಗಿದೆ. ಒಂದು ಕಡೆ ನೆಟ್ಟಗೆ ಇಟ್ಟಿದ್ರೆ ತಾನೆ."

"ಅಪ್ಪಾನೂ ಹೀಗೇ ಅಂತಿದ್ರು" ಎಂದಳು ತಂಗಿ. ಹದ್ದಕ್ಕ ಅರ್ಧ ಊಟಕ್ಕೇ ಕೈ ತೊಳೆದಳು.

ಅಪ್ಪ ಗಡಿಯಾರ ರಿಪೇರಿಯವರು. ಐವತ್ತೈದಕ್ಕೆ ಎರಡೂ ಕಣ್ಣು ಹೋದವು. ಡಾಕ್ಟರು, ಔಷಧಿ, ಆಪರೇಷನ್ನು ಯಾವುದಕ್ಕೂ ಬಗ್ಗಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ ಮನುಷ್ಯ ಹನ್ನೊಂದು ವರ್ಷ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಬಾಗಿಲು ಸದ್ದಾದಾಗಲೆಲ್ಲ "ಯಾರದು?" ಎಂದು ಕೇಳುತ್ತಲೇ ಕಾಲ ಕಳೆದು ತೀರಿಹೋದರು. ಅವರನ್ನು ನೋಡಿಕೊಂಡವಳು ತಂಗಿ; ಆದರೆ ಆ ಕುರ್ಚಿಯ ಹೆದರಿಕೆ ಹೊಕ್ಕಿದ್ದು ಅಕ್ಕನ ಹೊಟ್ಟೆಯೊಳಗೆ. ಅಪ್ಪನ ಕಾಯಿಲೆ ತನಗೆ ಬಂದಿದೆ ಎಂದು ಅವಳು ತಾನೇ ತೀರ್ಪು ಕೊಟ್ಟುಕೊಂಡುಬಿಟ್ಟಿದ್ದಳು. ವಾಸಿಯಾಗದ ಕಾಯಿಲೆಗೆ ಡಾಕ್ಟರ ಬಾಗಿಲು ತಟ್ಟಿ ಆಗಬೇಕಾದ್ದೇನು? ತಟ್ಟಿದರೆ ಆಫೀಸಿಗೆ ಸುದ್ದಿ ಹೋಗುತ್ತದೆ, ಹೋದರೆ ಹಳೆಯ ಕಡತ ಜೋಡಿಸುವ ಕೆಳಗಿನ ವಿಭಾಗಕ್ಕೆ ಕಳಿಸುತ್ತಾರೆ. ಗೋಡೆ ಬಿಟ್ಟು ಅವಳು ಬದುಕುವುದಾದರೂ ಹೇಗೆ? ಇಷ್ಟೇ ಅವಳ ಲೆಕ್ಕಾಚಾರ. ಜಾಣರೂ ಒಮ್ಮೊಮ್ಮೆ ಎಂಥ ದಡ್ಡತನ ಮಾಡುತ್ತಾರೆಂದರೆ ದಡ್ಡರು ನಾಚಬೇಕು.

ಹೀಗಿರುವಾಗ ಹೊಸ ಕೊಠಡಿ ಕಟ್ಟುತ್ತಾರೆ ಎಂದಾಯಿತು. ಅದರ ಒಳಾಂಗಣ ರೂಪಿಸಲು ಒಬ್ಬಳು ಹುಡುಗಿ ಬಂದಳು. ಮೂವತ್ತರ ಆಸುಪಾಸು, ಜೇಬಿನಲ್ಲಿ ಸದಾ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಎಲ್ಲರೂ ಅವಳನ್ನು ಅಳತೆ ಹುಡುಗಿ ಎಂದರು. ಇಂಥವರು ಒಂದು ಸಲ ಇಣುಕಿ ನೋಡಿ, ಹೂಂ ಹೂಂ ಎಂದು ತಲೆಯಾಡಿಸಿ, ನಕ್ಷೆ ಕಳಿಸಿಬಿಡುತ್ತಾರೆ ಎಂದು ಗೊಣಗಣ್ಣ ಷರಾ ಬರೆದಿದ್ದ. ಆದರೆ ಹುಡುಗಿ ಮೂರು ವಾರ ಕೋಳಿಗೂಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಯಾರ ಕೈ ಎಷ್ಟು ದೂರ ಚಾಚುತ್ತದೆ, ಯಾರು ಗಂಟೆಗೆ ಎಷ್ಟು ಸಲ ಕುತ್ತಿಗೆ ಹಿಸುಕಿಕೊಳ್ಳುತ್ತಾರೆ, ಎ.ಸಿ. ಗಾಳಿ ಯಾರ ಬೆನ್ನಿಗೆ ಹೊಡೆಯುತ್ತದೆ, ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಕೆಳಗಿನ ಖಾಲಿ ಹಾಲಿನಲ್ಲಿ ದಪ್ಪ ರಟ್ಟು ಕತ್ತರಿಸಿ, ಅಂಟು ಹಾಕಿ, ನಿಜವಾದ ಅಳತೆಯ ಮೇಜುಗಳನ್ನೇ ನಿಲ್ಲಿಸಿ, ಬನ್ನಿ ಕೂತು ನೋಡಿ ಎಂದಳು.

"ಈ ವಯಸ್ಸಲ್ಲಿ ಗೊಂಬೆ ಮನೆ ಆಟ" ಎಂದ ಗೊಣಗಣ್ಣ. ಎಂದವನೇ ಎಲ್ಲರಿಗಿಂತ ಮೊದಲು ಹೋಗಿ ಕೂತ.

ಹದ್ದಕ್ಕ ಅಲ್ಲಿ ನಿಜಕ್ಕೂ ಹದ್ದಕ್ಕನೇ. ರಸ್ತೆಯ ಪಥ ಮುಚ್ಚುವ ಗುಂಡಿ ಎಡಗೈ ಕೆಳಗೆ ಇರಬೇಕು, ಬಲಗೈಯಲ್ಲಿ ಫೋನಿರುತ್ತದೆ ಎಂದಳು. ಆ ಗುಂಡಿ ಒತ್ತಿದರೆ ರಸ್ತೆಯ ಮೇಲೆ ಕೆಂಪು ಅಡ್ಡಗುರುತು ಹೊತ್ತಿ, ಆ ಪಥಕ್ಕೆ ಯಾರೂ ಬರುವಂತಿಲ್ಲ. ಮೇಜಿನ ಅಂಚು ಚೂಪಾಗಿದ್ದರೆ ಎಂಟು ಗಂಟೆಯಲ್ಲಿ ಮುಂಗೈ ಜೋಮು ಹಿಡಿಯುತ್ತದೆ, ದುಂಡಗೆ ಮಾಡಿ ಎಂದಳು. ಒಂದು ಕಿಟಕಿ ಬೇಕೇಬೇಕು ಎಂದಳು. "ಊರಿಗೆಲ್ಲ ಕಣ್ಣಾಗಿ ಕೂತಿರ್ತೀವಿ, ಹೊರಗಡೆ ಮಳೆಯೋ ಬಿಸಿಲೋ ಅಂತ ಮಾತ್ರ ನಮಗೇ ಗೊತ್ತಿರಲ್ಲ." ಹುಡುಗಿ ಪ್ರತಿಯೊಂದನ್ನೂ ಬರೆದುಕೊಂಡು, ರಟ್ಟು ಕತ್ತರಿಸಿ ಬದಲಾಯಿಸಿದಳು. ಇಷ್ಟು ಚೆನ್ನಾಗಿ ಯಾರೂ ತನ್ನ ಮಾತು ಕೇಳಿರಲಿಲ್ಲ ಎಂದು ಹದ್ದಕ್ಕ ತಂಗಿಯ ಮುಂದೆ ಹೇಳಿಕೊಂಡು ಹಿಗ್ಗಿದಳು.

ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ಮೇಜಿನ ಸಾಲಿನಿಂದ ಗೋಡೆ ಎಷ್ಟು ದೂರ ಇರಬೇಕು? ಹುಡುಗಿ ಹಳೆಯ ಪರದೆಗೋಡೆಯ ಚಿತ್ರವನ್ನೇ ಅಷ್ಟಗಲ ಮುದ್ರಿಸಿ ತಂದು ಹಾಲಿನ ಗೋಡೆಗೆ ಅಂಟಿಸಿದಳು. ಪ್ರತಿ ರಸ್ತೆಯ ಕೆಳಗೆ ಅದರ ಹೆಸರು, ಯಥಾವತ್ತು. ಒಬ್ಬೊಬ್ಬರೇ ಗಾಲಿ ಕುರ್ಚಿಯಲ್ಲಿ ಕೂತು ಹಿಂದೆ ಸರಿಯುತ್ತಾ ಓದಬೇಕು. ಎಲ್ಲಿ ಓದಲಾಗುವುದಿಲ್ಲವೋ ಅಲ್ಲಿ ಅವಳು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. ಎಲ್ಲರಿಗಿಂತ ಹತ್ತಿರದ ಗೆರೆ ಯಾರದೋ, ಕೊಠಡಿ ಅವರ ಗೆರೆಗೆ ಹೊಂದಬೇಕು. ಇದು ಅವಳ ಪದ್ಧತಿ, ಒಳ್ಳೆಯ ಪದ್ಧತಿಯೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹುಡುಗಿ ಅಳೆಯುತ್ತಿದ್ದುದು ಕೊಠಡಿಯನ್ನು. ಹದ್ದಕ್ಕನಿಗೆ ಮಾತ್ರ ತನ್ನನ್ನೇ ಅಳೆಯುತ್ತಿದ್ದಾರೆ, ಕೆಳಗಿನ ವಿಭಾಗಕ್ಕೆ ತಳ್ಳಲು ನೆಪ ಹುಡುಕುತ್ತಿದ್ದಾರೆ ಎಂದೇ ಅನ್ನಿಸಿತು. ಒಂಬತ್ತಡಿಗೇ ಅಕ್ಷರಗಳು ಕಲಸಿಹೋದವು. ಅಲ್ಲಿ ನಿಲ್ಲಬೇಕಿತ್ತು. ಅವಳು ನಿಲ್ಲಲಿಲ್ಲ. ಕುರ್ಚಿ ಹಿಂದೆ ತಳ್ಳುತ್ತಾ "ರೈಲ್ವೆ ಗೇಟು, ಆಸ್ಪತ್ರೆ ತಿರುವು, ಹಳೇ ಸೇತುವೆ, ಸುರಂಗ ಒಂದು, ಸುರಂಗ ಎರಡು" ಎಂದು ಒಂದೇ ಸಮನೆ ಹೇಳುತ್ತಾ ಹೋದಳು. ಇಪ್ಪತ್ತೆರಡು ವರ್ಷದ ಬಾಯಿಪಾಠಕ್ಕೆ ಕಣ್ಣೇಕೆ ಬೇಕು? ಹುಡುಗಿ ಕೋಲು ಹಿಡಿದು ಅಡ್ಡಾದಿಡ್ಡಿ ತೋರಿಸಿದಳು. ಕೋಲಿನ ತುದಿ ಎಲ್ಲಿದೆ ಎಂದಷ್ಟು ತಿಳಿದರೆ ಇವಳಿಗೆ ಸಾಕಾಗಿತ್ತು. ಒಂದೂ ತಪ್ಪಲಿಲ್ಲ. ಇಪ್ಪತ್ತಡಿಗೆ ಹಾಲಿನ ಹಿಂಗೋಡೆ ಬೆನ್ನಿಗೆ ತಾಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ಅಲ್ಲಿ ಗೆರೆ ಎಳೆದು ಪಕ್ಕದಲ್ಲಿ 'ಹದ್ದಕ್ಕ' ಎಂದು ಬರೆದಳು.

ಸಂಜೆ ಎಲ್ಲರೂ ಹೋದ ಮೇಲೆ ಹುಡುಗಿ ರಟ್ಟಿನ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಇವಳನ್ನು ಕರೆದಳು.

"ಅಕ್ಕ, ನನ್ನ ಮೊದಲನೇ ನಕ್ಷೇಲಿ ಹತ್ತಡಿ ಇತ್ತು. ನಿಜ ಹೇಳ್ಬೇಕಂದ್ರೆ ನಿಮಗೋಸ್ಕರಾನೇ ಇಟ್ಟಿದ್ದೆ, ನೀವೇ ಹಿರಿಯರಲ್ವಾ. ನಿಮಗೇ ಇಪ್ಪತ್ತಡಿಗೆ ಕಾಣುತ್ತೆ, ಉಳಿದವರ ಗೆರೆಗಳೂ ಹದಿನೆಂಟರ ಆಚೆನೇ ಇವೆ ಅಂದ್ರೆ ಹದಿನೆಂಟಕ್ಕೆ ಹಾಕ್ತೀನಿ. ಯಾರಿಗೂ ಕುತ್ತಿಗೆ ನೋವಿರಲ್ಲ. ಹಾಕ್ಲಾ?"

"ಹಾಕಮ್ಮ. ನನ್ನನ್ನೇನು ಕೇಳ್ತೀಯ?"

"ಯಾರಿಗಾದ್ರೂ ಕಷ್ಟ ಅಂದ್ರೆ ಈಗ್ಲೇ ಹೇಳ್ಬಿಡಿ. ಈಗ ನಾನು ಪೆನ್ಸಿಲ್ ಅಳಿಸಿದ್ರೆ ಆಯ್ತು. ಆಮೇಲೆ ವಯರೆಲ್ಲ ನೆಲದೊಳಗೆ ಹೋಗುತ್ತೆ, ಕಾಂಕ್ರೀಟ್ ಒಡೀಬೇಕು."

ಹೇಳಿಬಿಡಲೇ ಎಂದುಕೊಂಡಳು. ಹುಡುಗಿಯ ಮುಖ ಒಳ್ಳೆಯದಿತ್ತು, ಯಾರ ಮುಂದೂ ಆಡಿಕೊಳ್ಳುವವಳಲ್ಲ. ಆದರೆ ಮಧ್ಯಾಹ್ನದ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. "ಯಾರಿಗೂ ಏನೂ ಕಷ್ಟ ಇಲ್ಲ" ಎಂದು ಹದ್ದಕ್ಕ ಎದ್ದು ಹೋದಳು.

ಹೊಸ ಕೊಠಡಿ ಚೆನ್ನಾಗಿಯೇ ಆಯಿತು. ಕುರ್ಚಿಗೆ ಕುರ್ಚಿ ತಾಗದು, ವಯರು ಕಾಲಿಗೆ ಸಿಗದು. ಎಡಗಡೆ ಉದ್ದನೆಯ ಕಿಟಕಿ. ಪಥ ಮುಚ್ಚುವ ಗುಂಡಿ ಸರಿಯಾಗಿ ಎಡಗೈ ಬೆರಳ ಕೆಳಗೆ. ಗೊಣಗಣ್ಣನಿಗೆ ಗೊಣಗಲು ಏನೂ ಸಿಗದೆ ಎರಡು ದಿನ ಮೈಯಲ್ಲಿ ಹುಷಾರಿಲ್ಲದವನಂತೆ ಇದ್ದ. ಹದ್ದಕ್ಕ ಮೊದಲ ದಿನ ತನ್ನ ಮೇಜಿನಲ್ಲಿ ಕೂತು ತಲೆಯೆತ್ತಿದಳು. ಹದಿನೆಂಟಡಿ ಆಚೆ ಬಣ್ಣಬಣ್ಣದ ಮಬ್ಬು, ಅಲ್ಲಲ್ಲಿ ಬೆಳಕಿನ ಕಲೆ, ಅಷ್ಟೇ. ಚಿತ್ರಗಳ ಜಾಗವನ್ನೂ ಬದಲಾಯಿಸಿದ್ದರು. ಬಾಯಿಪಾಠವೂ ಕೆಲಸಕ್ಕೆ ಬಾರದಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳೊಂದು ಉಪಾಯ ಕಂಡುಕೊಂಡಳು. ಮೇಜಿನ ಮೇಲಿನ ಚಿಕ್ಕ ಪರದೆಗೆ ಗೋಡೆಯ ಯಾವ ಚಿತ್ರವನ್ನಾದರೂ ಎಳೆದುಕೊಳ್ಳಬಹುದಿತ್ತು, ಒಂದು ಸಲಕ್ಕೆ ಒಂದು. ಅವಳ ಪಾಲಿಗೆ ನಲವತ್ತು ರಸ್ತೆಗಳಿದ್ದವು. ಮೂಗು ತಾಗುವಷ್ಟು ಬಗ್ಗಿ ಒಂದೊಂದನ್ನೇ ಹತ್ತು ಸೆಕೆಂಡು ನೋಡಿ ಮುಂದೆ ಹೋಗುತ್ತಿದ್ದಳು. ಒಂದು ಸುತ್ತು ಮುಗಿಯಲು ಏಳು ನಿಮಿಷ ಹತ್ತಿರ ಹತ್ತಿರ. ಮತ್ತೆ ಮೊದಲಿನಿಂದ. ದಿನಕ್ಕೆ ಎಂಟು ಗಂಟೆ.

"ಗೋಡೆ ಇರೋದ್ಯಾಕೆ ಅಕ್ಕ, ಒಂದೊಂದೇ ಎಳ್ಕೊಂಡು ನೋಡ್ತೀರಲ್ಲ?" ಎಂದ ಗೊಣಗಣ್ಣ.

"ಹತ್ತಿರದಿಂದ ನೋಡಿದ್ರೆ ನನಗೊಂದು ಸಮಾಧಾನ."

"ಹದ್ದಕ್ಕ ಅಂದ್ರೆ ಹದ್ದಕ್ಕ ಬಿಡಿ" ಎಂದು ಅವನು ತನ್ನ ಪಾಡಿಗೆ ತಾನಾದ. ಮನೆಗೆ ಹೋದರೆ ಅವಳು ತಲೆನೋವಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು. ತಂಗಿ ಕೇಳಿ ಕೇಳಿ ಸಾಕಾಗಿ ಮಾತು ಬಿಟ್ಟಿದ್ದಳು. ಹೀಗೆ ಮೂರು ತಿಂಗಳು ನಡೆಯಿತು. ಏನೂ ಆಗಲಿಲ್ಲವಲ್ಲ, ಆಗುವುದೂ ಇಲ್ಲ ಎಂಬ ಧೈರ್ಯ ಬಂದಿತ್ತು.

ಆಗಿದ್ದು ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ. ಅವಳು ಸುರಂಗ ಎರಡನ್ನು ನೋಡಿ ಮುಂದಿನ ರಸ್ತೆಗೆ ಹೋದಳು. ಅರ್ಧ ನಿಮಿಷಕ್ಕೇ ಆ ಸುರಂಗದಲ್ಲಿ ಒಂದು ಚಿಕ್ಕ ವ್ಯಾನು ಕೆಟ್ಟು ನಿಂತಿತು. ನಲ್ಲಿ ರಿಪೇರಿಯವನ ವ್ಯಾನು, ಓಡಿಸುತ್ತಿದ್ದವನೂ ಅವನೇ, ಒಬ್ಬನೇ. ಗೋಡೆಯ ಮೇಲೆ ಆ ಚಿತ್ರ ಕಣ್ಣಿಗೆ ಹೊಡೆಯುವಂತೆ ಇತ್ತು. ಆದರೆ ಆ ಪಾಲು ಹದ್ದಕ್ಕನದು. ಹದ್ದಕ್ಕ ಕೂತಿರುವಾಗ ಬೇರೆ ಯಾರಾದರೂ ಆ ಕಡೆ ನೋಡಲು ಏನು ಕಾರಣ? ಗೊಣಗಣ್ಣ ನೀರಿನ ಕೊಳವೆ ಒಡೆದ ರಸ್ತೆಯೊಂದರ ಫೋನಿನಲ್ಲಿದ್ದ. ಫೋನಿಟ್ಟು ಕುತ್ತಿಗೆ ತಿರುಗಿಸಿದವನು "ಅಕ್ಕ, ಸುರಂಗ ಎರಡು" ಎಂದ. ಅವನ ದನಿ ಕೇಳಿದ ಕೂಡಲೇ ಅವಳ ಎಡಗೈ ತಾನಾಗಿ ಗುಂಡಿ ಒತ್ತಿತು. ಕೆಂಪು ಅಡ್ಡಗುರುತು ಹೊತ್ತಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಲಾರಿಯೊಂದು ಸುರಂಗದ ಒಳಗಿತ್ತು.

ವ್ಯಾನು ನಿಂತಾಗಿನಿಂದ ಲಾರಿ ಬಂದು ಗುದ್ದುವವರೆಗೆ ಆರು ನಿಮಿಷ. ನಲ್ಲಿ ರಿಪೇರಿಯವನು ಆಸ್ಪತ್ರೆ ಮುಟ್ಟಲಿಲ್ಲ. ಅವನಿಗೆ ಮೂವತ್ತನಾಲ್ಕು ವರ್ಷ, ಮನೆಯಲ್ಲಿ ಹೆಂಡತಿ, ತಾಯಿ.

ವಿಚಾರಣೆ ನಡೆಯಿತು. ನೋಡುವ ಗೋಡೆಯನ್ನು ಹದಿನೆಂಟಡಿ ದೂರ ಇಟ್ಟರೆ ಹಿರಿಯ ಸಿಬ್ಬಂದಿ ನೋಡುವುದು ಹೇಗೆ ಎಂಬಲ್ಲಿಗೆ ಮಾತು ಬಂದು ನಿಂತಿತು. ಹದ್ದಕ್ಕನ ಕಣ್ಣಿನ ಮೇಲೆ ಯಾರಿಗೂ ಅನುಮಾನವಿಲ್ಲ. ಅವಳಿಗೇ ತಪ್ಪಿತೆಂದರೆ ಕೊಠಡಿಯೇ ತಪ್ಪು. ಅಳತೆ ಹುಡುಗಿಯನ್ನು ಕರೆಸಿದರು. ಹೊರಗಿನ ಬೆಂಚಿನ ಮೇಲೆ ಅವಳು ನಕ್ಷೆಯ ಸುರುಳಿಯನ್ನು ಎದೆಗೊತ್ತಿಕೊಂಡು ಕೂತಿದ್ದಳು. ಹದ್ದಕ್ಕನಿಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ, ಮೂಗು ಸೇದುವ ಸದ್ದು ಕೇಳಿತು.

"ಎಲ್ಲಿ ತಪ್ಪಿದೆ ಅಂತ ನನಗೆ ತಿಳೀತಿಲ್ಲ ಅಕ್ಕ. ಎರಡು ಸಲ ಅಳೆದಿದ್ದೆ."

ಹದ್ದಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಮೇಜಿನಾಚೆ ಮೂವರು ಸಾಹೇಬರು.

"ನಿಮ್ಮ ಸರದಿ ನಾಳೆ ಅಲ್ವಾ?"

"ಆ ಹುಡುಗಿ ತಪ್ಪಿಲ್ಲ ಸರ್. ನನಗೆ ಒಂಬತ್ತಡಿ ಆಚೆ ಏನೂ ಕಾಣಲ್ಲ. ಎರಡು ವರ್ಷ ಆಯ್ತು. ಅವತ್ತು ನಾನು ಓದ್ಲಿಲ್ಲ, ಬಾಯಿಪಾಠ ಒಪ್ಪಿಸಿದೆ."

ಮೂವರಲ್ಲಿ ಒಬ್ಬರು, ಬರವಣಿಗೆಯಲ್ಲಿ ಕೊಡುತ್ತೀರಾ ಎಂದು ಕೇಳಿದರು. ಕೊಟ್ಟಳು. ಹೊರಗೆ ಬಂದಾಗ ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ, ಅಳಲೂ ಇಲ್ಲ.

"ನಾನು ಪೆನ್ಸಿಲ್ ಕೈಯಲ್ಲಿ ಹಿಡ್ಕೊಂಡೇ ಕೇಳಿದ್ದೆ ಅಕ್ಕ" ಎಂದಳು. ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಹದ್ದಕ್ಕನನ್ನು ಕೆಲಸದಿಂದ ದೂರ ಇಟ್ಟರು. ಕಣ್ಣಿನ ಪ್ರಮಾಣಪತ್ರ ತರಬೇಕೆಂದು ಆದೇಶವಾದ್ದರಿಂದ ತಂಗಿ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು, ಹನಿ ಹಾಕಿ ಮತ್ತೆ ನೋಡಿದರು.

"ನಮ್ಮಪ್ಪಂಗೂ ಇದೇ ಇತ್ತು" ಎಂದಳು ಹದ್ದಕ್ಕ. "ನನಗೆ ಗೊತ್ತು, ನೀವು ಮುಚ್ಚುಮರೆ ಮಾಡ್ಬೇಡಿ."

"ನಿಮ್ಮಪ್ಪಂಗೆ ಇದ್ದಿದ್ದು ಬೇರೆ ಕಾಯಿಲೆ ಇರ್ಬೇಕಮ್ಮ, ನಿಮಗೆ ಅದರ ಗುರುತೇ ಇಲ್ಲ. ಇದು ಬರೀ ಪೊರೆ. ಅರ್ಧ ಗಂಟೆ ಕೆಲಸ. ಇಷ್ಟು ದಿನ ಯಾಕೆ ಸುಮ್ನಿದ್ರಿ?"

ಆ ಪ್ರಶ್ನೆಗೆ ತಂಗಿ ಮುಖ ತಿರುಗಿಸಿಕೊಂಡಳು. ಹದ್ದಕ್ಕ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದಳು. ಮುಂದಿನ ರೋಗಿಯನ್ನು ಕರೆದರೂ ಏಳಲಿಲ್ಲ. ಅರ್ಧ ಗಂಟೆ. ಪೊರೆ ಎಂಬುದು ಊರಲ್ಲಿ ಹತ್ತು ಮುದುಕರಿಗೆ ಬರುವ, ಹತ್ತು ಮುದುಕರಿಗೆ ವಾಸಿಯಾಗುವ ಕಾಯಿಲೆ. ಎರಡು ವರ್ಷದಲ್ಲಿ ಯಾವುದಾದರೂ ಒಂದು ರಜಾದಿನ ಅವಳು ಇಲ್ಲಿಗೆ ಬಂದಿದ್ದರೆ ಹದಿನೆಂಟಡಿಯೂ ಕಾಣುತ್ತಿತ್ತು, ಇಪ್ಪತ್ತಡಿಯೂ ಕಾಣುತ್ತಿತ್ತು. ನಲ್ಲಿ ರಿಪೇರಿಯವನು ಇವತ್ತು ಯಾರದೋ ಮನೆಯಲ್ಲಿ ನಲ್ಲಿ ಬಿಗಿಯುತ್ತಿರುತ್ತಿದ್ದ.

ಒಂದು ತಿಂಗಳಲ್ಲಿ ಎರಡೂ ಕಣ್ಣಿನ ಆಪರೇಷನ್ ಮುಗಿಯಿತು. ಪಟ್ಟಿ ಬಿಚ್ಚಿದಾಗ ತಂಗಿಯ ತಲೆಯಲ್ಲಿ ಇಷ್ಟೊಂದು ಬಿಳಿಕೂದಲಿದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಕಣ್ಣು ಬಂತು, ಕೊಠಡಿ ಬರಲಿಲ್ಲ. ಸುಳ್ಳು ಹೇಳಿದವರನ್ನು ಗೋಡೆಯ ಮುಂದೆ ಕೂರಿಸುವುದಿಲ್ಲ ಎಂದರು. ಅದು ನ್ಯಾಯವೇ ಎಂದು ಅವಳೂ ಒಪ್ಪಿದಳು. ಕೊನೆಯ ಕಾಗದಗಳಿಗೆ ಸಹಿ ಹಾಕಲು ಹೋದ ದಿನ ಸಾಹೇಬರ ಹತ್ತಿರ ಒಂದೇ ಒಂದು ಬೇಡಿಕೆ ಇಟ್ಟಳು. ಅವರು ಬೇಡ ಎಂದರು. ಅವಳು ಅಲ್ಲಿಂದ ಕದಲಲಿಲ್ಲ. ಕೊನೆಗೆ ಗೊಣಗಣ್ಣನನ್ನು ಕರೆದು ಹೇಳಿದರು. ಅವನು ಒಂದು ಮಾತೂ ಗೊಣಗದೆ, ಪಕ್ಕದ ಚಿಕ್ಕ ಕೋಣೆಯಲ್ಲಿ ಆ ಮಂಗಳವಾರದ ಸುರಂಗ ಎರಡರ ಚಿತ್ರ ಹಾಕಿದ.

ಎಲ್ಲ ಸ್ವಚ್ಛವಾಗಿ ಕಂಡಿತು. ವ್ಯಾನು ನಿಲ್ಲುತ್ತದೆ. ಅವನು ಇಳಿಯುತ್ತಾನೆ, ನೀಲಿ ಅಂಗಿ, ಬಲಗಡೆ ಜೇಬು ಹರಿದಿದೆ. ಫೋನ್ ಎತ್ತಿ ಅತ್ತಿತ್ತ ಹಿಡಿಯುತ್ತಾನೆ, ಸುರಂಗದೊಳಗೆ ಸಿಗ್ನಲ್ ಇಲ್ಲ. ಸುತ್ತ ನೋಡುತ್ತಾನೆ. ಕ್ಯಾಮೆರಾದ ಕೆಳಗೆ, ಈ ಜಾಗ ಸದಾ ಕಣ್ಗಾವಲಿನಲ್ಲಿದೆ ಎಂದು ಇಲಾಖೆ ಹಾಕಿದ ಫಲಕವಿದೆ, ಅದನ್ನು ಓದುತ್ತಾನೆ. ಓದಿ, ತಲೆಯೆತ್ತಿ, ನೇರವಾಗಿ ನೋಡಿ ಎರಡೂ ಕೈ ಬೀಸುತ್ತಾನೆ. ವ್ಯಾನು ತೋರಿಸುತ್ತಾನೆ, ಮತ್ತೆ ಕೈ ಬೀಸುತ್ತಾನೆ. ಆಮೇಲೆ, ಸರಿ, ನೋಡಿದರು ಎಂಬಂತೆ ತಲೆಯಾಡಿಸಿ, ಸಾಮಾನಿನ ಪೆಟ್ಟಿಗೆ ಇಳಿಸಿ, ವ್ಯಾನಿನ ಹಿಂದೆ ಅದರ ಮೇಲೆ ಕೂತುಕೊಳ್ಳುತ್ತಾನೆ. ಹೆದರಿಕೆ ಇಲ್ಲ. ನಡುನಡುವೆ ಕ್ಯಾಮೆರಾ ಕಡೆ ನೋಡುತ್ತಾನೆ, ಬರುತ್ತಿದ್ದಾರೆ ತಾನೆ ಎಂದು ಕೇಳುವವನ ಹಾಗೆ.

"ಸಾಕು ಅಕ್ಕ" ಎಂದ ಗೊಣಗಣ್ಣ. "ಮುಂದೆ ನೋಡ್ಬೇಡಿ. ನಿಲ್ಲಿಸ್ತೀನಿ."

"ಬೇಡಪ್ಪ" ಎಂದಳು ಹದ್ದಕ್ಕ. "ಅವನು ನನ್ನನ್ನೇ ನೋಡ್ತಿದಾನೆ."